ವರ್ತಿ ನೀರಿಗೆ ಇಳಿದ ಗೊಬ್ಬರ

ನಮ್ಮೂರಿನ ನಳದ ನೀರಿಗೆ ತೊಗರಿ ಬೇಳೆ ಬೇಯುವುದಿಲ್ಲ. ಕುಕ್ಕರಿನಲ್ಲಿ ಎಂಟು ಸೀಟಿ ಹಾಕಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ತೊಗರಿ ಬೆಳೆಯುವ ನಾಡಿನಲ್ಲಿ ಬೇಳೆಯೇ ಬೇಯದಿದ್ದರೆ ಹೆಂಗಸರಿಗೆ ಎಷ್ಟು ಸಿಟ್ಟು ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ನಾವು ಹಳ್ಳಕ್ಕೆ ಹೋಗುತ್ತೇವೆ. ಹಳ್ಳದ ಉಸುಕಿನಲ್ಲಿ ಮೊಳದಷ್ಟು ಆಳದ ಗುಂಡಿ ತೋಡಿದರೆ ಸಿಹಿ ನೀರು ಜಿನುಗಿ ತುಂಬಿಕೊಳ್ಳುತ್ತದೆ. ಅದೇ ವರ್ತಿ. ಬಟ್ಟಲಿನಿಂದ ಗೋರಿ ಗೋರಿ ಕೊಡ ತುಂಬಬೇಕು. ಮೇಲಿನ ಓಣಿಯಲ್ಲಿ ಕುಡಿಯಲು ಶುದ್ಧ ನೀರಿನ ಘಟಕವಿದೆ, ಅಲ್ಲಿಯವರು ವರ್ತಿ ನೀರನ್ನು ಬೇಳೆ ಬೇಯಿಸಲು ಮಾತ್ರ ಒಯ್ಯುತ್ತಾರೆ. ಕೆಳಗಿನ ಓಣಿಯವರಿಗೆ ಹಳ್ಳ ಮನೆಯ ಹಿಂದೆಯೇ ಇರುವುದರಿಂದ ಕುಡಿಯುವುದಕ್ಕೂ ಅದೇ ನೀರು.

ನಾನು ದೇವಕಮ್ಮ. ವಡಗೇರಾ ಕಡೆಯ ಒಂದು ಹಳ್ಳಿಯವಳು. ನಮ್ಮ ಮಹಿಳಾ ಸಂಘದಲ್ಲಿ ಹನ್ನೊಂದು ಮಂದಿ ಇದ್ದೇವೆ. ಎರಡು ವರ್ಷದಿಂದ ಹಳ್ಳದ ದಂಡೆಯಲ್ಲಿ ಗೊಬ್ಬರ ಮಾಡುತ್ತಿದ್ದೇವೆ. ಊರಿನ ಸೆಗಣಿ, ಮನೆಗಳ ಹಸಿ ಕಸ, ಸಂತೆಯಲ್ಲಿ ಉಳಿದ ಕೊಳೆತ ಕಾಯಿಪಲ್ಲೆ, ತೊಗರಿ ಹೊಟ್ಟು, ಎಲ್ಲವನ್ನೂ ರಾಶಿ ಹಾಕಿ ಕೊಳೆಸುತ್ತೇವೆ. ದಂಡೆಯ ಜಾಗವನ್ನು ಆರಿಸಿದವರು ನಾವೇ. ರಾಶಿಗೆ ಚಿಮುಕಿಸಲು ನೀರು ಹತ್ತಿರವಿರಲಿ ಎಂದು ಬಹಳ ಜಾಣತನ ಮಾಡಿದ್ದೆವು.

ಸಂಘದ ಅಧ್ಯಕ್ಷೆ ಗುರುದೇವಿ. ಐವತ್ತು ದಾಟಿದ ಹೆಂಗಸು, ಮಾತು ಖಡಕ್ಕು, ಕೆಲಸಕ್ಕೆ ನಿಂತರೆ ನಮ್ಮ ಉಸಿರು ಹತ್ತಿಸುತ್ತಾಳೆ. ಹೋದ ವರ್ಷ ನಮ್ಮ ಈ ಗೊಬ್ಬರ ಘಟಕದಲ್ಲಿ ಮಳೆ ನೀರು ನಿಂತು ಗೊಬ್ಬರ ರಾಡಿಯಾದಾಗ ಸೀರೆ ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಹಿಡಿದಳು. ಒಂದೇ ದಿನದಲ್ಲಿ ನಾವು ಹನ್ನೊಂದು ಮಂದಿ ಸೇರಿ ರಾಶಿಗಳ ಬುಡದಿಂದ ಹಳ್ಳದವರೆಗೆ ಒಂದು ಕಾಲುವೆ ತೋಡಿದೆವು. ನೀರು ಸರಸರ ಹರಿದು ಹೋಯಿತು. ಕಾಲುವೆಯ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡೆವು. ಆ ಫೋಟೊದಲ್ಲಿ ನಾನೂ ಹಲ್ಲು ಬಿಟ್ಟು ನಿಂತಿದ್ದೇನೆ, ಇಲ್ಲ ಎನ್ನುವುದಿಲ್ಲ.

ಈ ವರ್ಷ ಜೂನಿನ ಮಿರಗದ ಮಳೆ ಮೊದಲ ದಿನವೇ ಜೋರಾಗಿ ಹೊಡೆಯಿತು. ಎರಡು ದಿನ ಬಿಡಲಿಲ್ಲ. ಹೋದ ವರ್ಷ ಕಾಲುವೆ ತೋಡಿದಾಗ ಹಳ್ಳ ತುಂಬಿ ಹರಿಯುತ್ತಿತ್ತು, ಈ ಸಲ ಇನ್ನೂ ಹರಿಯಲು ಶುರುವಾಗಿರಲಿಲ್ಲ. ಮಡುವಿನಲ್ಲಿ ಒಂದಿಷ್ಟು ನೀರು ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಕೆಳಗಿನ ಓಣಿಯ ಸಾಯಬಮ್ಮ ಘಟಕಕ್ಕೆ ಬಂದಳು. ಗಂಡ ಮರಿಲಿಂಗಪ್ಪನ ಜೊತೆ ಆ ಮಡುವಿನಲ್ಲಿ ಮೀನು ಹಿಡಿದು ಬದುಕುವವಳು.

“ಅಕ್ಕಾ, ಜರಾ ಹಳ್ಳಕ್ಕ ಬರ್ರಿ,” ಎಂದಳು. “ಮಡುವಿನಾಗ ಮೀನ ಎಲ್ಲಾ ಸತ್ತು ತೇಲಾಕತ್ತಾವ. ವರ್ತಿ ನೀರು ಚಾದ ಬಣ್ಣಕ್ಕ ಬಂದದ. ವಾಸನಿ ಹೊಡಿಯಾಕತ್ತದ.”

ಗುರುದೇವಿ ಸಲಿಕೆ ಕೆಳಗಿಡಲಿಲ್ಲ. “ಯಾರರ ಹೊಲಕ್ಕ ಹುಳದ ಎಣ್ಣಿ ಹೊಡದಿರಬೇಕು. ಮಳಿಗಿ ತೊಳಕೊಂಡು ಬಂದಿರತದ.”

“ಈಗಿನ್ನಾ ಬಿತ್ತಿಗಿನೇ ಆಗಿಲ್ರಿ ಅಕ್ಕಾ. ಎಣ್ಣಿ ಯಾರು ಹೊಡಿತಾರ?”

“ಹಂಗಾರ ನಮ್ಮ ಗೊಬ್ಬರದ್ದೇ ತಪ್ಪು ಅಂತಿಯೇನು?”

“ನಾ ಹಂಗ ಅಂದಿಲ್ರಿ. ನಿಮ್ಮ ಕಾಲುವಿ ಬಂದು ಬೀಳೋ ಜಗಾದಿಂದ ಕೆಳಗ ನೀರು ಕೆಟ್ಟದ. ಮ್ಯಾಲೆ ಛಲೋ ಅದ. ಅಷ್ಟೇ ಹೇಳಾಕ ಬಂದೀನಿ.”

ಗುರುದೇವಿಗೆ ಸಿಟ್ಟು ನೆತ್ತಿಗೇರಿತು. “ಸೆಗಣಿಲಿಂದ ನೀರು ಕೆಡತದಂತ ಎಲ್ಲಿ ಕೇಳಿ ನೀ? ದಿನಾ ಅಂಗಳ ಸಾರಸತೀವಿ, ದೇವರ ಕಟ್ಟಿ ಸಾರಸತೀವಿ. ಸೆಗಣಿ ಏನ್ ವಿಷ ಅದ ಏನು? ಮತ್ತ ನಡುವ ಉಸುಕು ಇಲ್ಲೇನು? ಎಂಥಾ ನೀರಿದ್ರೂ ಉಸುಕು ಸೋಸತದ.”

ಸಾಯಬಮ್ಮ ತಿರುಗಿ ಹೋದಳು. ನಿಜ ಹೇಳಬೇಕೆಂದರೆ ಗುರುದೇವಿಯ ಮಾತಿಗೆ ನಾನೂ ತಲೆ ಆಡಿಸಿದ್ದೆ.

ಎರಡು ದಿನಕ್ಕೆ ಸಾಯಬಮ್ಮನ ಅತ್ತೆಗೂ ಮಗಳಿಗೂ ವಾಂತಿ ಭೇದಿ ಶುರುವಾಯಿತು. ಆಮೇಲೆ ಆ ಓಣಿಯ ಇನ್ನೂ ನಾಲ್ಕು ಮನೆಗಳಲ್ಲಿ ಅದೇ ಗೋಳು. ಮರಿಲಿಂಗಪ್ಪ ಓಣಿಯವರ ಸಹಿ ಹಾಕಿಸಿ ಅರ್ಜಿ ತಯಾರು ಮಾಡಿದನು. ಗೊಬ್ಬರ ಘಟಕ ಮುಚ್ಚಿಸಬೇಕು ಎಂದು ಅದರಲ್ಲಿ ಬರೆಸಿದ್ದನು. ಸೋಮವಾರ ಪಂಚಾಯಿತಿಗೆ ಕೊಡುತ್ತಾನೆಂದು ಊರೆಲ್ಲ ಸುದ್ದಿಯಾಯಿತು.

ಅವತ್ತು ಗುರುದೇವಿ ರಾಶಿಯ ಪಕ್ಕದಲ್ಲಿ ನೆಲಕ್ಕೇ ಕೂತುಬಿಟ್ಟಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿದ್ದೇ ಇಲ್ಲ.

“ಇದು ಮುಚ್ಚಿದ್ರ ಹನ್ನೊಂದು ಮಂದಿ ಎಲ್ಲಿಗಿ ಹೋಗಬೇಕು ದೇವಕಮ್ಮ? ಮತ್ತ ಬಿಸಲಾಗ ಹತ್ತಿ ಬಿಡಸಾಕ ಹೋಗಬೇಕೇನು? ಎಷ್ಟು ಕಷ್ಟಪಟ್ಟು ಕಟ್ಟೀವಿ ಇದನ್ನ.”

ಅವಳ ಹಟದ ಹಿಂದೆ ಇದ್ದದ್ದು ಈ ಭಯ. ತಪ್ಪು ನಮ್ಮದೆಂದು ಒಪ್ಪಿದರೆ ಕೆಲಸ ಹೋಗುತ್ತದೆ ಎಂಬ ಭಯ. ನನಗೂ ಅದೇ ಇತ್ತು. ಅವಳ ಹೆಗಲ ಮೇಲೆ ಕೈಯಿಟ್ಟು ಕೂತೆ.

ನಮ್ಮೂರಿನಲ್ಲಿ ನೀರು ಪರೀಕ್ಷೆ ಮಾಡುವ ತರಬೇತಿ ಪಡೆದವಳು ಭಾರತಿ. ಸೊಸೆಯಾಗಿ ಬಂದು ಐದು ವರ್ಷವಾಗಿದೆ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮರುದಿನ ಅವಳೇ ಪೆಟ್ಟಿಗೆ ಹಿಡಿದುಕೊಂಡು ಹಳ್ಳಕ್ಕೆ ಇಳಿದಳು. ನಮ್ಮ ಕಾಲುವೆಗಿಂತ ಮೇಲಿನ ವರ್ತಿಯ ನೀರನ್ನು ಒಂದು ಸೀಸೆಯಲ್ಲಿ ತುಂಬಿದಳು. ಕಾಲುವೆಗಿಂತ ಕೆಳಗಿನ ವರ್ತಿಯ ನೀರನ್ನು ಇನ್ನೊಂದರಲ್ಲಿ ತುಂಬಿದಳು. ಎರಡಕ್ಕೂ ಚೀಟಿ ಅಂಟಿಸಿ ತನ್ನ ಮನೆಯ ಗೂಡಿನಲ್ಲಿಟ್ಟಳು. ಸೀಸೆಯೊಳಗೆ ಪರೀಕ್ಷೆಯ ಔಷಧಿ ಇರುತ್ತದೆ, ನೀರಿನಲ್ಲಿ ಹೊಲಸಿನ ಕ್ರಿಮಿ ಇದ್ದರೆ ಒಂದೆರಡು ದಿನದಲ್ಲಿ ಸೀಸೆ ಕಪ್ಪಾಗುತ್ತದೆ ಎಂದು ಎಲ್ಲರಿಗೂ ಮೊದಲೇ ಹೇಳಿದಳು.

ಭಾನುವಾರ ಆ ಸೀಸೆಗಳನ್ನು ಹಳ್ಳದ ದಂಡೆಗೆ ತಂದಳು. ನಮ್ಮ ಸಂಘದವರು, ಕೆಳಗಿನ ಓಣಿಯವರು, ಗುರುದೇವಿಯ ಗಂಡ ಜಗದೇವಪ್ಪ, ಮಡಚಿದ ಅರ್ಜಿ ಕಿಸೆಯಲ್ಲಿಟ್ಟುಕೊಂಡ ಮರಿಲಿಂಗಪ್ಪ, ಎಲ್ಲರೂ ಸೇರಿದ್ದರು. ಮೇಲಿನ ವರ್ತಿಯ ಸೀಸೆ ಇದ್ದ ಹಾಗೆಯೇ ಇತ್ತು. ಕೆಳಗಿನದು ಕಾಡಿಗೆಯಂತೆ ಕಪ್ಪಾಗಿತ್ತು.

“ಸೀಸಿ ಏನ್ ಹೇಳತದ?” ಎಂದಳು ಗುರುದೇವಿ. “ಅದರಾಗ ಏನ್ ಹಾಕ್ಯಾರೋ ಏನೋ. ನಾ ಕುಡದು ತೋರಸ್ತೀನಿ. ನನಗೇನರ ಆದ್ರ ಆವಾಗ ಹೇಳ್ರಿ.”

ನಾವು ಏನು ಎನ್ನುವಷ್ಟರಲ್ಲಿ ಕೆಳಗಿನ ವರ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಟ್ಟಲು ಅದ್ದಿ ತುಂಬಿಸಿ ಬಾಯಿಗೆ ಎತ್ತಿದಳು.

ಸಾಯಬಮ್ಮ ಓಡಿ ಬಂದು ಅವಳ ಮುಂಗೈ ಹಿಡಿದಳು. ನೀರು ಇಬ್ಬರ ಸೀರೆಯ ಮೇಲೂ ಚೆಲ್ಲಿತು.

“ಬ್ಯಾಡ ಅಕ್ಕಾ. ಕುಡಿಬ್ಯಾಡ. ನಮ್ಮ ಅತ್ತಿ ಮೂರು ದಿನದಿಂದ ಹಾಸಿಗಿ ಬಿಟ್ಟು ಎದ್ದಿಲ್ಲ. ಮಗಳು ಒಣಗಿ ಹೋಗ್ಯಾಳ. ನೀನೂ ಬಿದ್ರ ಹೆಂಗ?”

ಗುರುದೇವಿ ಬಟ್ಟಲನ್ನು ಉಸುಕಿನ ಮೇಲಿಟ್ಟು ಕೇಳಿದಳು.

“ನೀವು ಇದನ್ನೇ ಕುಡದ್ರೇನು ಸಾಯಬಮ್ಮ?”

“ಹೌದ್ರಿ. ಮಳಿ ರಾಡಿ ಅಂತ ತಿಳದು ಎರಡು ದಿನ ಕುಡದೀವಿ. ನಮಗ ಹುಟ್ಟಿದಾಗಿನಿಂದ ಇದೇ ನೀರು.”

ತನಗೆ ಒಂದು ಗುಟುಕನ್ನೂ ಕುಡಿಯಗೊಡದವಳ ಮನೆಗೆ ತಾನು ಕೊಡಗಟ್ಟಲೆ ಅದನ್ನೇ ಕುಡಿಸಿದ್ದೆನಲ್ಲ ಎಂಬುದು ಗುರುದೇವಿಗೆ ಆಗ ಹೊಳೆಯಿತು. ಅಳುವುದು ಅವಳ ಸ್ವಭಾವವಲ್ಲ, ಆದರೂ ಅವತ್ತು ಅತ್ತಳು. ನನಗೆ ತಲೆ ಎತ್ತಲು ನಾಚಿಕೆಯಾಯಿತು. ಆ ಕಾಲುವೆಗೆ ನಾನೂ ಗುದ್ದಲಿ ಹಾಕಿದ್ದೆ.

“ತಪ್ಪಾಗ್ಯಾದ ತಂಗಿ,” ಎಂದಳು ಗುರುದೇವಿ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಭಾರತಿಯ ಕಡೆ ತಿರುಗಿದಳು. “ಸೆಗಣಿ ನೀರು ಕೆಡಸತದಂತ ನನಗ ಗೊತ್ತಿರಲಿಲ್ಲ. ಈಗ ತಿಳಿಸಿ ಹೇಳು.”

ಭಾರತಿ ಅಲ್ಲೇ ಉಸುಕಿನ ಮೇಲೆ ಕೂತು ಹೇಳಿದಳು. “ಸೆಗಣಿ ಹೊಲದಾಗ ಇದ್ರ ಬಂಗಾರದಂಥದು ಅಕ್ಕಾ. ಹಳ್ಳದಾಗ ಬಿದ್ರ ಅಲ್ಲೂ ಕೊಳೀತದ. ಕೊಳಿವಾಗ ನೀರಿನಾಗಿನ ಉಸಿರೆಲ್ಲಾ ಅದೇ ತಿಂತದ. ಮೀನಿಗಿ ಉಸಿರು ಸಿಗಲ್ಲ, ಸಾಯತಾವ. ರಾಶಿಯಾಗಿನ ಕ್ರಿಮಿನೂ ನೀರಿಗಿ ಬರತಾವ. ಉಸುಕು ಕಸ ಕಡ್ಡಿ ತಡೀತದ ಖರೇ, ಆದ್ರ ಇಷ್ಟು ಕ್ರಿಮಿ ತಡಿಯಾಕ ಆಗಲ್ರಿ. ಕರಗಿ ಬಂದದ್ದನ್ನಂತೂ ತಡಿಯಲ್ಲ.”

“ಕಾಸಿ ಕುಡದ್ರ?” ಎಂದು ಮರಿಲಿಂಗಪ್ಪ ಕೇಳಿದನು.

“ಕಾಸಿದ್ರ ಕ್ರಿಮಿ ಸಾಯತಾವ ಅಣ್ಣಾ. ಗೊಬ್ಬರದಿಂದ ನೈಟ್ರೇಟ್ ಅಂತ ಒಂದು ಸತ್ವ ಕರಗಿ ಬರತದ. ಅದು ಕಾಸಿದ್ರೂ ಹೋಗಲ್ಲ. ಕುದ್ದು ನೀರು ಇಂಗಿದಂಗ ಇನ್ನೂ ಗಟ್ಟಿ ಆಗತದ. ಅದು ಸಣ್ಣ ಕೂಸಿನ ಜೀವಕ್ಕ ಕುತ್ತು. ಈ ವರ್ತಿ ಸುಧಾರಿಸೋತನಕ ಎಲ್ಲಾರೂ ಮ್ಯಾಲಿನ ಓಣಿಯ ಶುದ್ಧ ನೀರಿನ ಘಟಕದಿಂದ ನೀರು ತರ್ರಿ. ಭೇದಿ ಆದವರನ್ನ ಮನ್ಯಾಗ ಇಟಗೊಬ್ಯಾಡ್ರಿ, ಓಆರ್‌ಎಸ್ ಕುಡಸಗೋತ ದವಾಖಾನಿಗಿ ಕರಕೊಂಡು ಹೋಗ್ರಿ.”

“ಹಂಗಾರ ನಮ್ಮ ಘಟಕ ಮುಚ್ಚಬೇಕೇನು?” ಎಂದು ನಾನೇ ಕೇಳಿದೆ. ಎಲ್ಲರ ಹೊಟ್ಟೆಯಲ್ಲೂ ಇದ್ದ ಪ್ರಶ್ನೆ ಅದು.

ಭಾರತಿ ನಕ್ಕಳು. “ಮುಚ್ಚಬೇಕಾದ್ದು ಕಾಲುವಿ ಅಕ್ಕಾ, ಘಟಕ ಅಲ್ಲ.”

ಮರಿಲಿಂಗಪ್ಪ ಕಿಸೆಯಿಂದ ಅರ್ಜಿ ತೆಗೆದನು. ಘಟಕ ಮುಚ್ಚಿಸಿ ಎಂಬ ಸಾಲನ್ನು ಹೊಡೆದು ಹಾಕಿ, ಎತ್ತರದ ಜಾಗ ಕೊಡಿಸಿ ಎಂದು ಭಾರತಿಯ ಕೈಯಿಂದ ಬರೆಸಿದನು. ಅದರ ಕೆಳಗೆ ಗುರುದೇವಿಯೂ ನಾವೆಲ್ಲರೂ ಸಹಿ ಹಾಕಿದೆವು.

ಕಾಲುವೆಯನ್ನು ಅವತ್ತೇ ಮುಚ್ಚಿದೆವು. ತೋಡುವಾಗ ಹನ್ನೊಂದು ಮಂದಿ ಇದ್ದೆವು, ಮುಚ್ಚುವಾಗ ಮೂವತ್ತು ಮಂದಿ. ಎರಡು ವಾರದಲ್ಲಿ ಪಂಚಾಯಿತಿಯಿಂದ ಹಳ್ಳಕ್ಕೆ ನೂರು ಹೆಜ್ಜೆಗಿಂತ ದೂರದ ದಿನ್ನೆಯ ಜಾಗ ಸಿಕ್ಕಿತು. ಅಲ್ಲಿ ನೆಲವನ್ನು ಗಟ್ಟಿಯಾಗಿ ಬಡಿದು ಒಂದು ಕಡೆಗೆ ಇಳುಕಲು ಮಾಡಿದೆವು. ಇಳುಕಲಿನ ತುದಿಗೆ ಗುಂಡಿ ತೋಡಿ, ನೀರು ಇಂಗದಂತೆ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ದಂಡೆಯ ರಾಶಿಗಳನ್ನು ಅಲ್ಲಿಗೆ ಸಾಗಿಸಿದೆವು. ರಾಶಿಯಿಂದ ಇಳಿದ ಕಂದು ನೀರು ಈಗ ಅದರಲ್ಲಿ ಸೇರುತ್ತದೆ, ರಾಶಿ ಒಣಗಿದಾಗ ಅದನ್ನೇ ತಿರುಗಿ ಚಿಮುಕಿಸುತ್ತೇವೆ. ಮೇಲುಗಡೆಯಿಂದ ಬರುವ ಮಳೆ ನೀರು ರಾಶಿಗೆ ತಾಗದಂತೆ ಒಡ್ಡು ಕಟ್ಟಿದೆವು. ಮೋಡ ಕಂಡರೆ ಸಾಕು, ತಾಡಪತ್ರಿ ಹೊದಿಸಿ ಕಲ್ಲು ಹೇರುತ್ತೇವೆ. ಕೆಳಗಡೆ ಅಗಲವಾಗಿ ಹುಲ್ಲು ಬೆಳೆಸಿದ್ದೇವೆ, ತಪ್ಪಿಸಿಕೊಂಡು ಬಂದದ್ದನ್ನು ಅದು ತಡೆಯುತ್ತದೆ.

ರಾಶಿಗೆ ನೀರು ಎಷ್ಟು ಹಾಕಬೇಕೆಂಬುದನ್ನೂ ಭಾರತಿ ಕಲಿಸಿದಳು. ಒಂದು ಮುಷ್ಟಿ ಗೊಬ್ಬರ ಹಿಡಿದು ಹಿಂಡಬೇಕು. ಒಂದೆರಡು ಹನಿ ಬಂದರೆ ಸರಿ. ಬೆರಳ ಸಂದಿಯಿಂದ ನೀರು ಸುರಿದರೆ ಅತಿಯಾಯಿತು, ಒಣ ಹೊಟ್ಟು ಬೆರೆಸಬೇಕು. ನಾವು ಮೊದಲು ಕೊಡಪಾನಗಟ್ಟಲೆ ಸುರಿಯುತ್ತಿದ್ದೆವು.

ಉಳಿದವನು ಜಗದೇವಪ್ಪ. ಅವರ ಮನೆಯ ತಿಪ್ಪೆಯೂ ಹಳ್ಳದ ದಂಡೆಯಲ್ಲೇ ಇತ್ತು.

“ನಮ್ಮ ಮುತ್ಯಾನ ಕಾಲದ ತಿಪ್ಪಿ ಅದು. ಅದನ್ಯಾಕ ಕಿತ್ತಬೇಕು?” ಎಂದು ಅವನು ಗೊಣಗಿದನು.

ಗುರುದೇವಿ ಅವನ ಕೈಹಿಡಿದು ಹೊಸ ಘಟಕಕ್ಕೆ ಕರೆತಂದು, ಗುಂಡಿಯಲ್ಲಿ ತುಂಬಿದ್ದ ಕಂದು ನೀರು ತೋರಿಸಿದಳು. “ನೋಡ್ರಿ. ಗೊಬ್ಬರದ ಕಸುವೆಲ್ಲಾ ಇದರಾಗ ಅದ. ಇಷ್ಟು ವರ್ಷ ಹೊಲಕ್ಕ ಹೋಗಬೇಕಾದ್ದು ಹಳ್ಳಕ್ಕ ಹೋಗ್ಯಾದ. ನಿಮ್ಮ ತೊಗರಿ ಉಪಾಸ, ಸಾಯಬಮ್ಮನ ಮನಿಗಿ ಬ್ಯಾನಿ.”

ಜಗದೇವಪ್ಪ ಬಾಗಿ ಒಂದು ಕೋಲಿನಿಂದ ಆ ನೀರನ್ನು ಕಲಕಿ ನೋಡಿದನು. ಮರುದಿನ ಬೆಳಿಗ್ಗೆ ಎತ್ತಿನ ಗಾಡಿ ಹೂಡಿ ತಿಪ್ಪೆಯನ್ನು ಹೊಲದ ದಿನ್ನೆಗೆ ಸಾಗಿಸಿದನು. ದಾರಿಯುದ್ದಕ್ಕೂ ಗೊಣಗುತ್ತಲೇ ಹೋದನು, ಅದು ಬೇರೆ ಮಾತು.

ಹಳ್ಳ ಒಂದೇ ದಿನಕ್ಕೆ ಸುಧಾರಿಸಲಿಲ್ಲ. ಸಾಯಬಮ್ಮನ ಅತ್ತೆಯೂ ಮಗಳೂ ದವಾಖಾನೆಯಿಂದ ಗುಣವಾಗಿ ಬಂದರು, ಆದರೆ ಸೀಸೆ ಮುಂದಿನ ಎರಡು ಸಲವೂ ಕಪ್ಪಾಯಿತು. ಪ್ರತಿ ಸಲ ಗುರುದೇವಿಯ ಮುಖ ಸಣ್ಣದಾಗುತ್ತಿತ್ತು. ಹಳ್ಳ ತುಂಬಿ ಹರಿದು ಇಳಿದ ಮೇಲೆ ಮೂರನೆಯ ಪರೀಕ್ಷೆ ಮಾಡಿದಾಗ ಸೀಸೆ ಬಣ್ಣ ಬದಲಾಯಿಸಲಿಲ್ಲ. ನೈಟ್ರೇಟ್ ಪರೀಕ್ಷೆಯೂ ಸರಿ ಬಂತು. ಮಡುವಿನಲ್ಲಿ ಮೀನಿನ ಮರಿಗಳು ಓಡಾಡುತ್ತಿವೆ ಎಂದು ಮರಿಲಿಂಗಪ್ಪ ತಾನೇ ಬಂದು ಹೇಳಿದನು. ಕೆಳಗಿನ ಓಣಿಯವರು ಈಗಲೂ ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದಲೇ ತರುತ್ತಾರೆ, ವರ್ತಿ ನೀರು ಬೇಳೆಗೆ.

ಅಕ್ಕಂದಿರೇ, ಅಣ್ಣಂದಿರೇ, ಗೊಬ್ಬರ ಮಾಡುವುದನ್ನು ಬಿಡಬೇಡಿ, ಅದು ಒಳ್ಳೆಯ ಕೆಲಸ. ಆದರೆ ನಿಮ್ಮ ಸಂಘದ ಘಟಕವಿರಲಿ, ಮನೆಯ ತಿಪ್ಪೆಯಿರಲಿ, ಹಳ್ಳ, ಕೆರೆ, ಬಾವಿಯಿಂದ ದೂರ ಎತ್ತರದಲ್ಲಿರಲಿ. ಮಳೆಗೆ ಮುಂಚೆ ಹೊದಿಸಿ, ಇಳಿದ ನೀರನ್ನು ಗುಂಡಿಯಲ್ಲಿ ಹಿಡಿಯಿರಿ. ಈ ಸಲ ಮಳೆ ಬಂದಾಗ ಮನೆಯಲ್ಲಿ ಕೂರಬೇಡಿ. ತಲೆಗೆ ಗೋಣಿಚೀಲ ಹಾಕಿಕೊಂಡು ರಾಶಿಯ ಹತ್ತಿರ ಹೋಗಿ, ಅಲ್ಲಿಂದ ನೀರು ಎಲ್ಲಿಗೆ ಹರಿಯುತ್ತದೆ ಎಂದು ಕಣ್ಣಾರೆ ನೋಡಿ. ಆ ನೀರನ್ನು ಬಟ್ಟಲಿನಲ್ಲಿ ತುಂಬಿ ನಿಮ್ಮ ಮಗಳ ಕೈಗೆ ಕೊಡುತ್ತೀರಾ? ಕೊಡುವುದಿಲ್ಲ ಎಂದಾದರೆ, ಕೆಳಗಿನ ಓಣಿಯ ಮಕ್ಕಳಿಗೂ ಕೊಡಬೇಡಿ.