ಬೆಲ್ಟ್ ಬಿಚ್ಚಿದ ಫೋಟೋ

ಮನೆಗೆ ಹೊಸ ನಾಯಿ ಬಂದರೆ ನಾವೆಲ್ಲ ಮಾಡುವ ಮೊದಲ ಕೆಲಸ ಒಂದೇ. ಅದರ ಮುಂದೆ ಒಂದು ಬಟ್ಟಲು ನೀರಿಡುವ ಮುಂಚೆ ಫೋಟೋ ತೆಗೆಯುತ್ತೇವೆ. ತೆಗೆಯೋಣ ಬಿಡಿ, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಬೀದಿಯಲ್ಲಿ ಒಂದು ಫೋಟೋದಿಂದಾಗಿ ಒಂದು ನಾಯಿಯ ಜೀವಕ್ಕೇ ಕುತ್ತು ಬಂತು. ಫೋಟೋ ತೆಗೆದವರು ನಾಯಿ ಕಂಡರಿಯದವರೂ ಅಲ್ಲ. ಸಾಕುನಾಯಿಗಳ ಫೋಟೋ ತೆಗೆಯುವುದೇ ಅವರ ಕಸುಬು.

ಅವರು ನಮ್ಮ ಎದುರು ಮನೆಯ ಸೊಸೆ. ಬೀದಿಯವರ ಬಾಯಲ್ಲಿ ಫೋಟೋ ಅಕ್ಕ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಗೋಡೆಗೆ ನೀಲಿ ಪರದೆ, ಎರಡು ದೀಪ, ಮೂಲೆಯಲ್ಲಿ ಅವರ ಅತ್ತೆಯ ಹಳೇ ಹೊಲಿಗೆ ಮಷಿನ್. ಆ ಮಷಿನ್ ಮೇಲೆ ನಾಯಿಗಳಿಗೆ ಹಾಕುವ ಟೋಪಿ, ಟೈ, ರಿಬ್ಬನ್ನು ಗುಡ್ಡೆ ಬಿದ್ದಿರುತ್ತವೆ. ಅತ್ತೆಯವರನ್ನು ನಾವು ಟೈಲರಮ್ಮ ಎನ್ನುತ್ತೇವೆ. "ಮನುಷ್ಯರ ಅಳತೆ ತಗೊಂಡ ಜಾಗದಲ್ಲಿ ಈಗ ನಾಯಿ ತಲೆ ಅಳೀತಾಳೆ" ಎಂದು ಅವರು ದಿನಾ ಗೊಣಗುವುದುಂಟು. ಆ ಟೋಪಿಗಳನ್ನೆಲ್ಲ ಹೊಲಿದು ಕೊಡುವವರು ಮಾತ್ರ ಅವರೇ.

ಒಂದು ದಿನ ಪ್ರಾಣಿ ರಕ್ಷಣಾ ಕೇಂದ್ರದ ಡಾಕ್ಟರ್ ಕಾರಿನಲ್ಲಿ ಒಂದು ಹೆಣ್ಣು ನಾಯಿಯನ್ನು ಕರೆದುಕೊಂಡು ಬಂದರು. ಬಿಳಿ ಮೈ, ಬೆನ್ನ ತುಂಬ ಕಾಳುಮೆಣಸು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಕೇಂದ್ರದವರು ಅದನ್ನು ಮೆಣಸು ಎಂದೇ ಕರೆಯುತ್ತಿದ್ದರು. ಯಾವುದೋ ಗಾಡಿ ಗುದ್ದಿ ಹಿಂಗಾಲು ಮುರಿದಿತ್ತು, ಕಾಲಿನ ಪಟ್ಟಿ ಬಿಚ್ಚಿ ಸ್ವಲ್ಪ ದಿನವಾಗಿತ್ತು. ಅದು ಕಾರಿನಿಂದ ಇಳಿಯಲೇ ಇಲ್ಲ. ಡಾಕ್ಟರೇ ಎತ್ತಿಕೊಂಡು ಒಳಗೆ ತಂದರು.

"ನಮ್ಮಲ್ಲಿ ಕಾಲಿಡೋಕೆ ಜಾಗ ಇಲ್ಲ" ಎಂದರು ಡಾಕ್ಟರ್. "ಅಷ್ಟು ನಾಯಿಗಳ ಗಲಾಟೆಗೆ ಇದು ನಡುಗ್ತಾ ಕೂತಿರುತ್ತೆ. ಸಾಕೋರು ಸಿಗೋವರೆಗೆ ನಿಮ್ಮನೇಲಿ ಇರ್ಲಿ. ಊಟ, ಔಷಧಿ ನಾವು ಕೊಡ್ತೀವಿ. ಒಂದು ಮೂಲೆ, ಒಂದಿಷ್ಟು ಸಮಯ ನೀವು ಕೊಡಿ."

ಟೈಲರಮ್ಮ ಕನ್ನಡಕ ಮೇಲೇರಿಸಿದರು. "ಇದೇನಮ್ಮ ಇದು, ಸಾಕೋದೂ ಅಲ್ಲ, ಬಿಡೋದೂ ಅಲ್ಲ. ನಮ್ಮನೆ ಏನು ಬಸ್ ಸ್ಟ್ಯಾಂಡಾ?"

"ಬಸ್ ಸ್ಟ್ಯಾಂಡೇ ಅಂದ್ಕೊಳ್ಳಿ ಅಮ್ಮ. ಇದು ಇಲ್ಲಿ ಕಾಯ್ತಾ ಇದ್ರೆ, ರಸ್ತೇಲಿ ಗಾಯ ಆಗಿ ಬಿದ್ದಿರೋ ಇನ್ನೊಂದಕ್ಕೆ ನಮ್ಮಲ್ಲಿ ಜಾಗ ಆಗುತ್ತೆ."

"ನಾವು ಹಚ್ಕೊಂಡ ಮೇಲೆ ಬಂದು ಕರ್ಕೊಂಡು ಹೋಗ್ತೀರಿ. ಆಗ?"

"ಆಗ ಬೇಜಾರಾಗುತ್ತೆ. ಆಗಲ್ಲ ಅಂತ ಸುಳ್ಳು ಹೇಳಲ್ಲ."

ಟೈಲರಮ್ಮನಿಗೆ ಆ ಉತ್ತರ ಹಿಡಿಸಲಿಲ್ಲ. ಸೊಸೆ ಆಗಲೇ ನಾಯಿಯ ಪಕ್ಕ ನೆಲದ ಮೇಲೆ ಕೂತಾಗಿತ್ತು, ಇನ್ನು ಮಾತಾಡಿ ಫಲವಿಲ್ಲ ಎಂದು ಮೂಲೆಗೆ ಒಂದು ಹಳೇ ಗೋಣಿ ಹಾಸಿದರು. ಡಾಕ್ಟರ್ ಹೊರಡುವ ಮುಂಚೆ ನಾಯಿಯ ಕೊರಳಿನ ಬೆಲ್ಟ್ ಮುಟ್ಟಿ ತೋರಿಸಿದರು. ಅದಕ್ಕೆ ಕೇಂದ್ರದ ಫೋನ್ ನಂಬರಿನ ಬಿಲ್ಲೆ ತೂಗುತ್ತಿತ್ತು.

"ಇದನ್ನ ಬಿಚ್ಚಬೇಡಿ. ಹೊರಗೆ ಹೋದ್ರೆ ಚೈನ್ ಕೈಯಿಂದ ಬಿಡಬೇಡಿ. ಭಾನುವಾರ ಒಂದು ಮನೆಯವರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಒಂದು ಒಳ್ಳೆ ಫೋಟೋ ಕಳ್ಸಿ."

"ನನಗೇ ಹೇಳ್ತೀರಾ ಡಾಕ್ಟರ್" ಎಂದು ಫೋಟೋ ಅಕ್ಕ ನಕ್ಕರು. "ದಿನಾ ನಾಯಿಗಳ ಜೊತೆನೇ ನನ್ನ ಬಾಳು."

ಮರುದಿನ ಸಂಜೆ ಬಿಸಿಲು ಬಹಳ ಚೆನ್ನಾಗಿತ್ತು. ಫೋಟೋದವರಿಗೆ ಅಂಥ ಬಿಸಿಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಫೋಟೋ ಅಕ್ಕ ಮೆಣಸನ್ನು ಬೀದಿಯ ಕೊನೆಯ ಖಾಲಿ ಜಾಗಕ್ಕೆ ಕರೆದುಕೊಂಡು ಹೋದರು. ಪಕ್ಕದಲ್ಲಿ ಮರದ ಗೋದಾಮು, ಅದರ ಹಿಂದೆ ಲಾರಿಗಳು ಓಡಾಡುವ ಹೆದ್ದಾರಿ. ನಾಲ್ಕಾರು ಫೋಟೋ ತೆಗೆದು ನೋಡಿದರು. ಯಾವುದೂ ಸರಿ ಕಾಣಲಿಲ್ಲ, ಎಲ್ಲ ಅಳಿಸಿದರು. ಆ ದಪ್ಪ ಬೆಲ್ಟು, ಆ ಚೈನು, ಜೈಲಿನಿಂದ ತಂದ ಹಾಗೆ. ಇಂಥ ಫೋಟೋ ನೋಡಿ ಯಾರು ಮನೆಗೆ ಕರೆದುಕೊಳ್ಳುತ್ತಾರೆ ಎನಿಸಿತು.

ಸ್ಟುಡಿಯೋಗೆ ಬರುವ ಎಲ್ಲ ನಾಯಿಗಳ ಬೆಲ್ಟನ್ನು ಅವರು ಬಿಚ್ಚಿಸುತ್ತಾರೆ. ಕೊರಳಿನ ಕೂದಲು ಚೆನ್ನಾಗಿ ಕಾಣಲಿ ಎಂದು. ಆಮೇಲೆ ಕೈಯಲ್ಲಿ ಕೀಂಯ್ ಎನ್ನುವ ರಬ್ಬರ್ ಗೊಂಬೆ ಒತ್ತಿದರೆ ನಾಯಿ ಕಿವಿ ನಿಮಿರಿಸಿ ಕ್ಯಾಮೆರಾ ನೋಡುತ್ತದೆ. ಎಷ್ಟೋ ವರ್ಷದ ರೂಢಿ. ಆ ರೂಢಿಯಲ್ಲೇ ಅವರು ಮೆಣಸಿನ ಬೆಲ್ಟ್ ಬಿಚ್ಚಿ ಜೇಬಿಗೆ ಹಾಕಿಕೊಂಡರು, ಕ್ಯಾಮೆರಾ ಎತ್ತಿದರು, ಗೊಂಬೆ ಒತ್ತಿದರು.

ನಾಯಿ ಕಿವಿ ನಿಮಿರಿಸಲಿಲ್ಲ. ಮೈ ನೆಲಕ್ಕೆ ಒತ್ತಿಕೊಂಡು ಒಂದು ಕ್ಷಣ ಹಾಗೇ ಇತ್ತು, ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಎಂದಿತು, ಮರುಕ್ಷಣ ಕುಂಟುಗಾಲಲ್ಲೇ ಓಟ ಕಿತ್ತಿತು.

ಆಮೇಲೆ ಏನಾಯಿತು ಎನ್ನುವುದಕ್ಕೆ ನಾನೇ ಸಾಕ್ಷಿ, ಯಾಕೆಂದರೆ ಅವರು ಕೂಗುತ್ತಾ ಬಂದಾಗ ನಾನು ಗೇಟಿನಲ್ಲೇ ನಿಂತಿದ್ದೆ. ಬೀದಿಗೆ ಬೀದಿಯೇ ಹೊರಗೆ ಬಂತು. ಫೋಟೋ ಅಕ್ಕ ಕಂಡವರಿಗೆಲ್ಲ ತಾವು ಆಗಷ್ಟೇ ತೆಗೆದ ಫೋಟೋ ತೋರಿಸುತ್ತಿದ್ದರು. ನಿಜಕ್ಕೂ ಅದ್ಭುತವಾದ ಫೋಟೋ. ಒದ್ದೆ ಮೂಗು, ಹೊಳೆಯುವ ಒಂದು ಕಣ್ಣು, ಉಳಿದದ್ದೆಲ್ಲ ಬಂಗಾರದ ಮಂಜು.

ಗೋದಾಮಿನ ಕಾವಲುಗಾರ ಕ್ಯಾಮೆರಾವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಅಕ್ಕ, ಇದು ಮೂಗು. ನಾಯಿ ಎಲ್ಲಿದೆ?"

ಬೇರೆ ಹೊತ್ತಿನಲ್ಲಾಗಿದ್ದರೆ ನಾವೆಲ್ಲ ನಗುತ್ತಿದ್ದೆವು. ಫೋಟೋ ಅಕ್ಕ ಮಾತ್ರ ಬಿಳಿಚಿಕೊಂಡರು. ಅದರ ಬಾಲ ಹೇಗಿದೆ ಎಂದು ಯಾರೋ ಕೇಳಿದರು. ಅವರಿಗೆ ಹೇಳಲಾಗಲಿಲ್ಲ. ಬೆಲ್ಟು, ಬಿಲ್ಲೆ, ಫೋನ್ ನಂಬರು ಎಲ್ಲವೂ ಅವರ ಜೇಬಿನಲ್ಲೇ ಇದ್ದವು. ನಾಯಿ ಯಾರ ಕೈಗೆ ಸಿಕ್ಕರೂ ಅದು ಯಾರದೆಂದು ಅವರಿಗೆ ತಿಳಿಯುವ ದಾರಿಯಿರಲಿಲ್ಲ.

ಟೈಲರಮ್ಮನೇ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರ್ ಬೈಯಲಿಲ್ಲ. ಹೊರಟೆ, ಫೋನ್ ಇಡಬೇಡಿ ಎಂದವರೇ ಒಂದು ಫೋಟೋ ಕಳಿಸಿದರು. ಸಪ್ಪೆ ಫೋಟೋ. ಸುಣ್ಣದ ಗೋಡೆಯ ಮುಂದೆ ನಾಯಿ ಅಡ್ಡಡ್ಡ ನಿಂತಿದೆ, ಮೂಗಿನಿಂದ ಬಾಲದ ತುದಿವರೆಗೆ ಪೂರ್ತಿ. ಚುಕ್ಕೆಗಳು, ಗಾಯದ ಕಾಲು, ಅರ್ಧ ಬಿಳಿ ಅರ್ಧ ಕಪ್ಪು ಬಾಲ, ಎಲ್ಲವೂ ಕಾಣುತ್ತಿತ್ತು. ಕಾವಲುಗಾರ ಒಂದೇ ನೋಟಕ್ಕೆ ಹೇಳಿದ.

"ಇದಾ? ಇದು ಈಗ ನಮ್ಮ ಹಲಗೆ ರಾಶಿ ಹಿಂದೆ ಹೋಯ್ತಲ್ಲ."

ಅಷ್ಟು ಹೇಳಿದ್ದೇ ತಡ, ನಾವೆಲ್ಲ ಗೋದಾಮಿಗೆ ನುಗ್ಗಿದೆವು. ಮೆಣಸು, ಮೆಣಸು ಎಂದು ಒಬ್ಬೊಬ್ಬರು ಒಂದೊಂದು ಕಡೆಯಿಂದ ಕರೆದೆವು. ಫೋಟೋ ಅಕ್ಕ ಪಾಪ, ತಮಗೆ ಗೊತ್ತಿದ್ದ ಒಂದೇ ಉಪಾಯ ಎಂದು ಮತ್ತೆ ಆ ಗೊಂಬೆಯನ್ನೇ ಒತ್ತಿದರು. ಹಲಗೆಗಳ ಸಂದಿಯಿಂದ ಬಿಳಿಯದೊಂದು ಹಾರಿ, ಹಿಂದಿನ ಗೋಡೆಯ ಬಿರುಕಿನಲ್ಲಿ ನುಸುಳಿ ಹೆದ್ದಾರಿಗೆ ಬಿತ್ತು. ಲಾರಿಯೊಂದು ಬ್ರೇಕ್ ಹಾಕಿದ ಸದ್ದು ಕೇಳಿಸಿತು. ಆ ಸದ್ದು ನಿಂತ ಮೇಲೆ ನಮಗ್ಯಾರಿಗೂ ಗೋಡೆಯಾಚೆ ಇಣುಕಿ ನೋಡುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಅದೇ ಬಿರುಕಿನಿಂದ ನಾಯಿ ವಾಪಸ್ ಒಳಗೆ ಬಂದು, ರಾಶಿಯ ಕೆಳಗೆ ಹೊಕ್ಕಿತು. ಬದುಕಿತ್ತು.

ಟೈಲರಮ್ಮನ ಫೋನಿನಲ್ಲಿ ಡಾಕ್ಟರ್ ಇನ್ನೂ ಇದ್ದರು. "ಅಮ್ಮ, ಎಲ್ಲರನ್ನೂ ನಿಲ್ಸಿ. ಯಾರೂ ಓಡಬೇಡಿ, ಯಾರೂ ಕರೀಬೇಡಿ. ಇವತ್ತು ಕೈ ತಪ್ಪಿದ್ರೆ ನಾಳೆ ಸಿಗೋದು ಕಷ್ಟ."

ಟೈಲರಮ್ಮ ಒಂದು ಸಲ ಗದರಿದರು. ಮೂವತ್ತು ವರ್ಷ ಗಿರಾಕಿಗಳನ್ನು ಸಾಲಿನಲ್ಲಿ ನಿಲ್ಲಿಸಿದ ದನಿ ಅದು. ಇಡೀ ಬೀದಿ ತೆಪ್ಪಗಾಯಿತು. ಫೋಟೋ ಅಕ್ಕನ ಗಂಡ ಶಾಲೆಯ ವ್ಯಾನ್ ಓಡಿಸುವವರು. ಮಕ್ಕಳನ್ನು ಬಿಟ್ಟು ಬಂದವರು ವ್ಯಾನನ್ನು ಆ ಬಿರುಕಿಗೆ ಅಡ್ಡ ನಿಲ್ಲಿಸಿ, ವ್ಯಾನಿನ ಕೆಳಗಿನ ಸಂದಿಗೆ ಹಲಗೆ ಅಡ್ಡ ಕೊಟ್ಟರು. ಇನ್ನು ಉಳಿದದ್ದು ಮುಂದಿನ ಬಾಗಿಲು. ಅದಕ್ಕೆ ಕದವೇ ಇರಲಿಲ್ಲ, ಬೆಳಕೂ ಕಡಿಮೆಯಾಗುತ್ತಿತ್ತು.

"ನಾನು ಹೋಗ್ತೀನಿ ಅತ್ತೆ" ಎಂದರು ಫೋಟೋ ಅಕ್ಕ.

"ನೀನು ಬೇಡ. ಆ ಗೊಂಬೆ ಒತ್ತಿದವಳು ನೀನೇ ಅಂತ ಅದಕ್ಕೆ ನೆನಪಿರುತ್ತೆ."

ಟೈಲರಮ್ಮನಿಗೆ ಮಂಡಿನೋವು. ಓಡು ಎಂದರೂ ಓಡಲಾಗದು. ಡಾಕ್ಟರ್ ಹೇಳಿದ ಹಾಗೆ ಅವರು ಬೇಯಿಸಿದ ಕೋಳಿಯ ಬಟ್ಟಲು ತರಿಸಿಕೊಂಡು, ಬಾಗಿಲ ನಡುವೆ ನೆಲದ ಮೇಲೆ ಕೂತರು, ನಾಯಿಗೆ ಬೆನ್ನು ಹಾಕಿ. ಹಗ್ಗದ ತುದಿಯಲ್ಲಿ ಜಾರುಗಂಟಿನ ಕುಣಿಕೆ ಮಾಡಿ ಪಕ್ಕದಲ್ಲಿ ಹರಡಿದರು, ಅದರ ನಡುವೆ ಕೋಳಿಯ ಚೂರು ಇಟ್ಟರು. ನಾವು ಮರೆಯಲ್ಲಿ ನಿಂತೆವು.

"ಬಾ ಅಂತ ಕರೀಲಾ?" ಎಂದು ಅವರು ಫೋನಿಗೆ ಪಿಸುಗುಟ್ಟಿದರು.

"ಬೇಡ. ತಿರುಗಿ ನೋಡಲೂ ಬೇಡಿ. ನಿಮ್ಮ ಪಾಡಿಗೆ ನೀವು ಏನಾದ್ರೂ ಮಾತಾಡ್ತಾ ಇರಿ, ಮೆಲ್ಲಗೆ."

ಏನು ಮಾತಾಡುವುದು? ಟೈಲರಮ್ಮ ಬ್ಲೌಸಿನ ಅಳತೆ ಹೇಳತೊಡಗಿದರು. ಭುಜ ಇಷ್ಟು, ತೋಳು ಇಷ್ಟು, ಕತ್ತು ಸ್ವಲ್ಪ ಇಳಿಸು. ನಡುವೆ ಮಂಡಿಗೆ ಒಂದಿಷ್ಟು ಶಾಪ. ಹೊತ್ತು ಹೋಗುತ್ತಲೇ ಇತ್ತು. ಹಲಗೆಯ ಕೆಳಗಿನಿಂದ ಮೊದಲು ಮೂಗು ಬಂತು, ಆಮೇಲೆ ತಲೆ. ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದೆ. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದರು, ನಾಯಿ ಮತ್ತೆ ಒಳಗೆ ಸರಿಯಿತು. ಫೋಟೋ ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಗುರಿನ ಗುರುತು ಎರಡು ದಿನ ಇತ್ತು.

ಕೊನೆಗೆ ಮೆಣಸು ಬಂತು. ಕುಣಿಕೆಯೊಳಗೆ ತಲೆ ಹಾಕಿ ಕೋಳಿ ತಿಂದಿತು. ಟೈಲರಮ್ಮ ತಕ್ಷಣ ಎಳೆಯಲಿಲ್ಲ. ಅದು ಎರಡನೇ ಚೂರಿಗೆ ಬಗ್ಗಿದಾಗ ದಾರ ಜಗ್ಗಿದಷ್ಟೇ ಮೆತ್ತಗೆ ಹಗ್ಗ ಬಿಗಿಸಿದರು. ನಾಯಿ ಒಂದು ಸಲ ಕೊಸರಿತು, ಆಮೇಲೆ ಸೋತಂತೆ ಅವರ ಬೆನ್ನಿಗೆ ಒರಗಿತು. ಆಗ ಆ ಮುದುಕಿ ಅತ್ತುಬಿಟ್ಟರು. ನಾವೂ ಅತ್ತೆವು, ನಾಚಿಕೆಯೇನಿಲ್ಲ.

ಡಾಕ್ಟರ್ ಬಂದಾಗ ಫೋಟೋ ಅಕ್ಕ ತಲೆ ಎತ್ತಲಿಲ್ಲ. "ಕರ್ಕೊಂಡು ಹೋಗ್ಬಿಡಿ ಡಾಕ್ಟರ್. ನನ್ನನ್ನ ನಂಬಿ ಕೊಟ್ರಿ. ದಿನಾ ನೋಡೋ ನಾಯಿಗಳ ಹಾಗೇ ಇದೂ ಅಂದ್ಕೊಂಡೆ."

ಡಾಕ್ಟರ್ ಹಗ್ಗಕ್ಕೆ ಕೈ ಚಾಚಿದರು. ಟೈಲರಮ್ಮ ಕೊಡಲಿಲ್ಲ.

"ಇವಳು ತಪ್ಪು ಮಾಡಿದ್ಲು, ಸರಿ. ಆದ್ರೆ ಇದು ಈಗ ತಾನೇ ನನ್ನ ಹತ್ರ ಬಂದಿದೆ. ಮತ್ತೆ ಜಾಗ ಬದಲಾಯಿಸಿದ್ರೆ ಪಾಪ, ಇದು ಯಾರನ್ನ ನಂಬಬೇಕು? ಸಾಕೋರು ಬರೋವರೆಗೆ ಇರುತ್ತೆ. ಆಮೇಲೆ ಬೇಜಾರಾದ್ರೆ ಬೇಜಾರು ಪಡ್ತೀನಿ, ಅದು ನನ್ನ ಪಾಡು."

ಮನೆಯ ಕಡೆ ಹೊರಟೆವು. ಬೀದಿಯ ತಿರುವಿನಲ್ಲಿ ಲಾರಿಯೊಂದು ಜೋರಾಗಿ ಹಾರ್ನ್ ಹೊಡೆಯಿತು. ಮೆಣಸು ಬೆಚ್ಚಿ ಓಡಿತು, ಆದರೆ ರಸ್ತೆಗಲ್ಲ. ಟೈಲರಮ್ಮನ ಕಾಲಿನ ಹಿಂದಕ್ಕೆ.

ಡಾಕ್ಟರ್ ನಿಂತುಬಿಟ್ಟರು. "ನೋಡಿ, ಸಾಕಿದ ನಾಯಿ ಹೆದರಿದ್ರೆ ತನ್ನವರ ಕಾಲಿನ ಹಿಂದೆ ಬಚ್ಚಿಟ್ಕೊಳ್ಳುತ್ತೆ. ಹಾಗಾಗಿ ಬೆಲ್ಟ್ ಬಿಚ್ಚಿದ್ರೂ ದೂರ ಹೋಗಲ್ಲ. ರಸ್ತೆಯಿಂದ ತಂದ ನಾಯಿಗೆ ಯಾರ ಕಾಲೂ ಗೊತ್ತಿರಲ್ಲ. ಇವತ್ತು ಇದಕ್ಕೆ ಗೊತ್ತಾಯ್ತು."

ಭಾನುವಾರ ಆ ಮನೆಯವರು ಬಂದರು. ಅವರಿಗೆ ಕಳಿಸಿದ ಫೋಟೋದಲ್ಲಿ ಬೆಲ್ಟೂ ಇತ್ತು, ಚೈನೂ ಇತ್ತು, ಚೈನು ಹಿಡಿದ ಟೈಲರಮ್ಮನ ಕೈಯೂ ಇತ್ತು. ಗೊಂಬೆಯಿಲ್ಲ, ಫ್ಲ್ಯಾಷ್ ಇಲ್ಲ. ಫೋಟೋ ಅಕ್ಕ ನೆಲದ ಮೇಲೆ ಕೂತು, ದೂರದಿಂದ, ಅದು ತಾನಾಗಿ ತಲೆ ಎತ್ತುವವರೆಗೆ ಕಾದು ತೆಗೆದದ್ದು. ಮೆಣಸು ಆ ಮನೆಯವರ ಜೊತೆ ಹೋಯಿತು. ಟೈಲರಮ್ಮ ಹೇಳಿದಂತೆಯೇ ಬೇಜಾರು ಪಟ್ಟರು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ, ಇನ್ನೊಂದನ್ನು ಯಾವಾಗ ತರುತ್ತೀರಿ ಎಂದು ಕೇಳಿದರು.

ಓದುತ್ತಿರುವ ನೀವು ಹೇಳಿ, ನಿಮ್ಮ ಮನೆಯಲ್ಲಿ ಒಂದು ಮೂಲೆ ಬಿಡುವಾಗಿಲ್ಲವೇ? ನಾಯಿಯನ್ನು ಕೊನೆಯವರೆಗೆ ಸಾಕಲು ಆಗದಿದ್ದರೆ ಬೇಡ, ಸಾಕುವವರು ಸಿಗುವವರೆಗೆ ಇಟ್ಟುಕೊಳ್ಳಿ. ಬಂದ ದಿನವೇ ಅದರ ಪೂರ್ತಿ ಮೈ ಕಾಣುವ ಒಂದು ಸಪ್ಪೆ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಚೆಂದದ ಫೋಟೋಗೆ ಅವಸರವಿಲ್ಲ. ಎಷ್ಟೇ ಒಳ್ಳೆಯ ಬಿಸಿಲಿದ್ದರೂ ಬೆಲ್ಟ್ ಬಿಚ್ಚಬೇಡಿ, ನಂಬರಿನ ಬಿಲ್ಲೆ ಅದರ ಕೊರಳಲ್ಲೇ ಇರಲಿ. ಅಕಸ್ಮಾತ್ ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಗುಂಪು ಕಟ್ಟಬೇಡಿ. ಕೇಂದ್ರಕ್ಕೆ ಫೋನ್ ಮಾಡಿ, ನೆಲದ ಮೇಲೆ ಕೂತು ಕಾಯಿರಿ.

ಕಾಯುವುದು ಕಷ್ಟ, ನಾವು ಕಂಡಿದ್ದೇವೆ. ಆದರೆ ಹೆದರಿದ ಜೀವವೊಂದು ಹೋಗಲು ಬೇರೆ ಜಾಗವಿಲ್ಲದೆ ಅಲ್ಲ, ನೀವಿದ್ದೀರಿ ಎಂದು ಓಡಿ ಬರುತ್ತದಲ್ಲ, ಅದನ್ನೂ ಕಂಡಿದ್ದೇವೆ. ಒಂದು ಸಲ ಕಂಡವರು ಬಾಗಿಲು ಹಾಕಿಕೊಳ್ಳುವುದಿಲ್ಲ. ನೀವೂ ತೆರೆಯಿರಿ.