ಆನ್ಸೆಲ್ ಒಪ್ಪದ ಹೊಲಗಳು

"ಇಲ್ಲಿ ಕಲ್ಲು ಜಾಸ್ತಿ," ಎನ್ನುತ್ತ ಆನ್ಸೆಲ್ ಬೂಟಿನ ತುದಿಯಿಂದ ಕಲ್ಲೊಂದನ್ನು ಒದ್ದ.

ಅವೆಲೀನ್ ಕಣ್ಣು ಮುಚ್ಚಿ ತೆರೆದಳು. ಇದು ಅವನಿಗೆ ತೋರಿಸಿದ ನಾಲ್ಕನೆಯ ಹೊಲ. ಮೊದಲನೆಯದರಲ್ಲಿ ನೀರು ನಿಲ್ಲುತ್ತದಂತೆ. ಎರಡನೆಯದಕ್ಕೆ ಕಾಡಿನ ನೆರಳಂತೆ. ಮೂರನೆಯದು ಇಗರ್ಜಿಗೆ ತೀರಾ ಹತ್ತಿರವಂತೆ, ಗಂಟೆಯ ಸದ್ದಿಗೆ ತನ್ನ ಕುದುರೆ ಬೆದರುತ್ತದಂತೆ. ಆ ಕುದುರೆಯೋ, ಹನ್ನೊಂದು ದಿನದಿಂದ ಅವಳ ಲಾಯದಲ್ಲಿ ಅವಳದೇ ಓಟ್ಸ್ ತಿಂದು ದುಂಡಗಾಗಿತ್ತು.

ಗಂಡನಿದ್ದಾಗ ಈ ತಲೆನೋವು ಇರಲಿಲ್ಲ. ಕೌಂಟ್ ದೊರೆ ಕೊಟ್ಟ ಭೂಮಿಗೆ ಪ್ರತಿಯಾಗಿ ಅವನೇ ವರ್ಷಕ್ಕೆ ನಲವತ್ತು ದಿನ ಕವಚ ತೊಟ್ಟು ದೊರೆಯ ದಂಡಿಗೆ ಹೋಗುತ್ತಿದ್ದ. ಈಗ ಅವನಿಲ್ಲ, ಇರುವ ಮಕ್ಕಳಿಬ್ಬರೂ ಹೆಣ್ಣು. ಭೂಮಿಯಲ್ಲೊಂದು ತುಂಡನ್ನು ಯಾರಾದರೊಬ್ಬ ಸವಾರನಿಗೆ ಬಿಟ್ಟುಕೊಟ್ಟು, ತನ್ನ ಹೆಸರಿನಲ್ಲಿ ಅವಳು ಅವನನ್ನು ದಂಡಿಗೆ ಕಳಿಸಬೇಕು. ನಾಳೆ ದೊರೆಯ ಮನುಷ್ಯ ಬರುವ ಹೊತ್ತಿಗೆ ಸವಾರ ಇರದಿದ್ದರೆ ಭೂಮಿಯಷ್ಟೂ ಕೈಬಿಟ್ಟುಹೋಗುತ್ತದೆ.

"ಇಪ್ಪತ್ತು ವರ್ಷ ಕೂಲಿಗೆ ಕತ್ತಿ ಬೀಸಿದೋನು ನೀನು. ಒಂದು ಗೇಣು ನೆಲ ಇಲ್ಲ. ಈಗ ನೋಡಿದ್ರೆ ಹೆಣ್ಣು ನೋಡೋಕೆ ಬಂದ ಗಂಡಿನ ಹಾಗೆ ಆಡ್ತಿದ್ದೀಯ," ಎಂದಳು ಅವೆಲೀನ್.

"ನೋಡ್ಬೇಕಲ್ಲ ಅಮ್ಮಾವ್ರೇ. ಸಾಯೋತನಕ ಇರೋದು."

ಅಲ್ಲೇ ಉಳುತ್ತಿದ್ದ ಮುದುಕ ಗೆರ್ಬೆರ್ ಎತ್ತುಗಳನ್ನು ನಿಲ್ಲಿಸಿದ. "ಯಾರು ಯಾರಿಗೆ ಕೊಟ್ರೂ ಉಳೋದು ನಾನೇ ತಾಯಿ. ಹದ ಹೋಗೋದ್ರೊಳಗೆ ಒಂದು ಮಾತು ಮುಗಿಸ್ಬಿಡಿ."

ಅವೆಲೀನಳ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು.

"ಹೊಳೆದಂಡೆ ದ್ರಾಕ್ಷಿತೋಟ ತಗೋ. ಮದುವೆಯಾಗಿ ಬಂದ ವರ್ಷ ನನ್ನ ಕೈಯಾರೆ ನೆಟ್ಟಿದ್ದು. ಅದಕ್ಕೇನು ಕೊಂಕು ತೆಗೀತೀಯೋ ತೆಗಿ."

ಬಾಯಿಂದ ಮಾತು ಬಿದ್ದ ಮೇಲೆಯೇ ತಾನು ಏನು ಕೊಟ್ಟೆನೆಂದು ಅವಳಿಗೆ ಅರಿವಾಯಿತು. ಆನ್ಸೆಲ್ ಹೊಳೆಯ ಕಡೆ ತಿರುಗಿದ.

"ಕೊಂಕು ಹೊಲದ್ದಲ್ಲ," ಎಂದ. "ಕೂಲಿಯೋನಾದ್ರೆ, ಸೋಲ್ತೀವಿ ಅನ್ನಿಸಿದ ದಿನ ಓಡಿಹೋಗ್ಬಹುದು. ಮೂರು ಸಲ ಓಡಿದ್ದೀನಿ. ನಿಮ್ಮ ಕೈಯೊಳಗೆ ಕೈಯಿಟ್ಟು ಆಣೆ ಮಾಡಿದ್ಮೇಲೆ ಎಲ್ಲಿಗೆ ಓಡ್ಲಿ?"

"ಇಷ್ಟು ಹೇಳೋಕೆ ಹನ್ನೊಂದು ದಿನ ಬೇಕಾಯ್ತಾ?"

"ನಾಚಿಕೆಯಾಯ್ತು."

ಬೈಯಬೇಕೆಂದು ಬಾಯಿ ತೆರೆದವಳು ನಿಟ್ಟುಸಿರು ಬಿಟ್ಟಳು. "ನಾನೂ ಓಡೋ ಹಾಗಿಲ್ಲ ಮಾರಾಯ. ತೋಟಕ್ಕೆ ಬಂದು ಮಂಡಿಯೂರು, ಇಲ್ಲಾಂದ್ರೆ ಇವತ್ತೇ ಹೊರಡು. ನಿಂಗೆ ಇನ್ನೊಂದು ಹೊಲ ತೋರಿಸೋಕೆ ನನ್ನ ಕಾಲಲ್ಲಿ ಶಕ್ತಿ ಇಲ್ಲ."

ಅವನು ಬಂದ. ಗೆರ್ಬೆರ್ ಸಾಕ್ಷಿಗೆ ನಿಂತ. ಬಳ್ಳಿಗಳ ಸಾಲಿನಲ್ಲಿ ಮಂಡಿಯೂರಿ ಆನ್ಸೆಲ್ ಜೋಡಿಸಿದ ಕೈಗಳನ್ನು ಅವಳು ತನ್ನ ಅಂಗೈಗಳ ನಡುವೆ ಹಿಡಿದಳು. ತಣ್ಣಗಿದ್ದವು. ಅವನು ಆಣೆಯ ಮಾತುಗಳನ್ನು ಎರಡು ಸಲ ತಪ್ಪಿದ. ಎರಡು ಸಲವೂ ಅವಳು ಹಲ್ಲು ಕಚ್ಚಿ ಹೇಳಿಕೊಟ್ಟಳು. ಆಮೇಲೆ ಸಲಿಕೆಯಿಂದ ಹುಲ್ಲುಸಮೇತ ಒಂದು ಹೆಂಟೆ ಎಬ್ಬಿಸಿ, ನೆಲ ಕೊಟ್ಟದ್ದರ ಗುರುತಾಗಿ ಅವನ ಕೈಗಿಟ್ಟಳು. ತೋಟ ಅವನದಾಯಿತು.

ದಾರಿಗೆ ಬಂದು ಅವಳು ತಿರುಗಿ ನೋಡಿದಳು. ಆನ್ಸೆಲ್ ಇನ್ನೂ ಮಂಡಿಯ ಮೇಲೆಯೇ ಇದ್ದ. ಹೆಂಟೆಯನ್ನು ಟೊಪ್ಪಿಗೆಯೊಳಗಿಟ್ಟುಕೊಂಡು, ಉದುರುತ್ತಿದ್ದ ಅಂಚನ್ನು ಹೆಬ್ಬೆರಳಿನಿಂದ ಮೆತ್ತಗೆ ಒತ್ತುತ್ತಿದ್ದ.