ಅರ್ಧ ದಾರಿಯ ಬ್ರೇಕು

"ಇವತ್ತು ಉತ್ತರ ಬರಬೇಕಿತ್ತಲ್ಲೇ," ಅಂದಳು ಅಕ್ಕ, ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ. ಬ್ಯಾಂಡೇಜು ಸುತ್ತಿದ ಬಲಗಾಲು ಸ್ಟೂಲಿನ ಮೇಲಿತ್ತು.

ತಂಗಿ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಬರುತ್ತೆ ಬಿಡೇ. ನಿನ್ನ ಬಸ್ಸು ಯಾವತ್ತು ಟೈಮಿಗೆ ಬಂದಿತ್ತು?"

"ಬಸ್ಸು ತಡ ಆಗಬಹುದು. ಬೆಳಕು ತಡ ಆಗಲ್ಲ."

ಇಪ್ಪತ್ತು ವರ್ಷ ಬಸ್ಸು ಓಡಿಸಿದ ಅಕ್ಕನಿಗೆ ಕಂಪ್ಯೂಟರಿನ ಈ ಆಟ ಹಿಡಿಸಿದ್ದೇ ಅದಕ್ಕೆ. ಇದರಲ್ಲಿ ಹಡಗುಗಳು ಕಣ್ಣು ಮಿಟುಕಿಸುವುದರೊಳಗೆ ನಕ್ಷತ್ರ ಮುಟ್ಟುವುದಿಲ್ಲ. ಆಟದ ಒಂದು ವರ್ಷವೆಂದರೆ ಮನೆಯ ಒಂದು ದಿನ. ಅವಳ ಹಡಗು ಇನ್ನೂರು ಜನರನ್ನು ಮಲಗಿಸಿಕೊಂಡು ದೂರದ ಒಂದು ನಕ್ಷತ್ರದ ಕಡೆಗೆ ಎರಡು ತಿಂಗಳಿಂದ ಹೋಗುತ್ತಲೇ ಇತ್ತು. ಈಗ ಬೆಳಕಿನ ವೇಗದಲ್ಲಿ ಹೋದರೂ ಅದಕ್ಕೊಂದು ಮಾತು ತಲುಪಲು ಆರು ದಿನ, ಉತ್ತರ ಬರಲು ಇನ್ನಾರು ದಿನ.

ಮಂಡಿಯ ಆಪರೇಷನ್ನಿಗೆ ಆಸ್ಪತ್ರೆ ಸೇರುವ ಮುನ್ನ ಅಕ್ಕ ಹಡಗಿಗೆ ಬ್ರೇಕಿನ ಆಜ್ಞೆ ಕಳಿಸುವ ಗುಂಡಿ ತೋರಿಸಿಕೊಟ್ಟಿದ್ದಳು. "ನಾಳೆ ಮಧ್ಯಾಹ್ನ ಬಂದು ಇದನ್ನೊತ್ತು. ಬೇಗ ಒತ್ತಿದ್ರೆ ನಡುವೆಲ್ಲೋ ನಿಂತುಬಿಡುತ್ತೆ, ತಡ ಆದ್ರೆ ನಕ್ಷತ್ರ ದಾಟಿ ಹೋಗಿಬಿಡುತ್ತೆ. ಸ್ಟಾಪು ಕಂಡಮೇಲೆ ಹಾಕೋ ಬ್ರೇಕಲ್ಲ ಕಣೇ ಇದು."

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ತಂಗಿಗೆ ಅದು ನೆನಪಿತ್ತು. ಅಷ್ಟು ದೂರ ಇದೆಯಲ್ಲ, ಎರಡು ಮೂರು ದಿನದಲ್ಲಿ ಏನು ಮಹಾ ಎಂದುಕೊಂಡಳು. ಮೂರು ದಿನ ಬಿಟ್ಟು ಒತ್ತಿದಳು. ಅಕ್ಕ ಕೇಳಿದಾಗ "ಹೇಳಿದ ಹೊತ್ತಿಗೇ ಒತ್ತಿದೆ" ಅಂದಳು.

ಅಕ್ಕನ ಲೆಕ್ಕದ ಹನ್ನೆರಡನೆಯ ದಿನವಾದ ಆ ಸಂಜೆ ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಪರದೆಯ ಮೇಲೆ ಹಡಗೆಂದರೆ ಸಾಸಿವೆಯಷ್ಟು ಚುಕ್ಕೆ, ಅದು ಸರಿಯುವುದು ಕಣ್ಣಿಗೇ ಕಾಣದು. ಯಂತ್ರ ತುಳಿಯುತ್ತಿದ್ದ ತಂಗಿ ಆಗಾಗ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಕಂಪ್ಯೂಟರಿನ ಗುಂಯ್ ಎನ್ನುವ ಸದ್ದೊಂದೇ.

"ನಿದ್ದೇಲಿರೋರಿಗೆ ಗೊತ್ತಾಗುತ್ತಾ ಅಕ್ಕ?"

"ಏನು?"

"ನಿಲ್ಲಲಿಲ್ಲ ಅಂತ."

ಅಕ್ಕ ತಿರುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಮತ್ತೆ ಪರದೆಯ ಕಡೆ ತಿರುಗಿದಳು.

ಅದೇ ಲೆಕ್ಕದ ಹದಿನೈದನೆಯ ದಿನ, ದೀಪ ಹಚ್ಚುವ ಹೊತ್ತಿಗೆ, ಅಕ್ಷರಗಳು ಒಂದೊಂದಾಗಿ ಮೂಡಿದವು. ತಂಗಿ ಕೈಯಲ್ಲಿದ್ದ ಬಟ್ಟೆ ಹಿಡಿದೇ ಎದ್ದು ಬಂದಳು.

ಆಜ್ಞೆ ತಲುಪಿತು. ಬ್ರೇಕ್ ಹಾಕಿದ್ದೇವೆ. ನಿಲ್ಲಲು ದಾರಿ ಸಾಲದು. ಮಲಗಿರುವವರನ್ನು ಎಬ್ಬಿಸಬೇಕೇ?

"ಹಡಗಿನೋರು ಇದನ್ನ ಕೇಳಿ ಆರು ದಿನ ಆಯ್ತು," ಅಂದಳು ಅಕ್ಕ ಮೆಲ್ಲಗೆ. "ಇನ್ನೂ ಕಾಯ್ತಾ ಇರ್ತಾರೆ."

"ಅಕ್ಕ, ನಾನು..."

"ಸುಮ್ನಿರು."

ಕೀಲಿಮಣೆಯತ್ತ ಅವಳ ಕೈ ಹೋಗಲಿಲ್ಲ. ಬ್ಯಾಂಡೇಜಿನ ಕಾಲು ತಾನಾಗಿ ಸ್ಟೂಲಿನಿಂದ ಇಳಿಯಿತು. ಪಾದ ನೆಲವನ್ನು ಮುಟ್ಟಿ, ನಿಧಾನವಾಗಿ, ಬೆರಳುಗಳು ಬಿಳಿಚುವವರೆಗೆ ಒತ್ತತೊಡಗಿತು.